ಹೊತ್ತು ಮುಳುಗುವುದರೊಳಗೆ ಒಂದು ಪಂಕ್ತಿ

ನಮ್ಮ ಕಡೆ ಊಟಕ್ಕೆ ಕುಳಿತ ಅತಿಥಿಗೆ ಉಪ್ಪಿಗಿಂತ ಮೊದಲು ಬಡಿಸುವುದು ‘ಸಾವಕಾಶ’ ಎಂಬ ಮಾತನ್ನು. ಕನ್ನಡದವರೂ ಅದನ್ನೇ ಅನ್ನುತ್ತಾರೆ, ಮರಾಠಿಯವರೂ ಅದನ್ನೇ ಅನ್ನುತ್ತಾರೆ. ಗಡಿಯ ಬಗ್ಗೆ ಎಷ್ಟು ತಕರಾರಿದ್ದರೂ ಈ ಶಬ್ದದ ಬಗ್ಗೆ ಇದುವರೆಗೆ ಯಾರೂ ತಕರಾರು ತೆಗೆದಿಲ್ಲ. ಉಣ್ಣುವವನಿಗೆ ‘ಸಾವಕಾಶ ಆಗ್ಲಿ’, ಹೊರಟವನಿಗೆ ‘ಸಾವಕಾಶ ಹೋಗ್ರಿ’. ಅತಿಥಿಗೆ ‘ಲಗೂನ ಉಣ್ರಿ’ ಎಂದವನ ಮನೆತನವನ್ನು ಮೂರು ತಲೆಮಾರಿನವರೆಗೆ ಆಡಿಕೊಳ್ಳುವ ಜನ ನಾವು. ಹೀಗಾಗಿ ಈ ಮಾತು ನನ್ನ ನಾಲಿಗೆಯ ಮೇಲೆ ಬಾಡಿಗೆ ಕೊಡದ ಬಿಡಾರದವನಂತೆ ಕಾಯಂ ಆಗಿ ಕೂತುಬಿಟ್ಟಿದೆ.

ದತ್ತವಾಡದ ಆಚೆ, ದೂಧಗಂಗೆಯ ದಂಡೆಗೆ ನಮ್ಮದೊಂದು ಸಣ್ಣ ತೋಟ. ಕಬ್ಬು, ಒಂದಿಷ್ಟು ಪೇರಲ ಗಿಡ, ಎರಡು ಎಮ್ಮೆ, ಪಶ್ಚಿಮದ ಬದುವಿನ ಮೇಲೆ ಸಾಲು ತೆಂಗು. ಪೇಟೆಯ ಜನ ಬಂದು ಎರಡು ದಿನ ಇದ್ದು ಹೋಗಲೆಂದು ಹೆಂಚಿನ ಎರಡು ಕೋಣೆ ಕಟ್ಟಿಸಿ, ಹೆದ್ದಾರಿಗೆ ಕಾಣುವಂತೆ ಬೋರ್ಡು ಹಾಕಿದ್ದೇನೆ. ನಾವು ಜೈನರು. ಕೊಲ್ಲಾಪುರ ಜಿಲ್ಲೆಯಲ್ಲಿ ತೋಟಕ್ಕೆ ಕರೆದು ಮಟನ್ ಇಲ್ಲ ಎನ್ನುವುದು ಲಗ್ನಕ್ಕೆ ಕರೆದು ವರ ಇಲ್ಲ ಎಂದಂತೆಯೇ ಸರಿ. ಆದರೂ ಜನ ಬರುತ್ತಾರೆ. ಅವ್ವ ಬಡಿದ ಜೋಳದ ಭಕ್ರಿ, ಮಡಿಕೆಕಾಳಿನ ಉಸಳಿ, ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿ, ಗಡಿಗೆಯ ಗಟ್ಟಿ ಮೊಸರು ಇವುಗಳ ಮುಂದೆ ಮಟನ್ ರಸ್ಸಾಪ್ರಿಯರೂ ಮೌನವ್ರತಿಗಳಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಇದರ ಬಗ್ಗೆ ನನಗೆ ಜಂಬವಿದೆ, ಮುಚ್ಚುಮರೆ ಏನಿಲ್ಲ.

ಆದರೆ ಅವ್ವನಿಗೆ ಎರಡು ನೇಮಗಳಿವೆ. ಒಂದು, ಹೊತ್ತು ಮುಳುಗಿದ ಮೇಲೆ ಆಕೆ ಏನನ್ನೂ ಉಣ್ಣುವುದಿಲ್ಲ. ಇನ್ನೊಂದು, ಮನೆಗೆ ಬಂದ ಅತಿಥಿ ಮೊದಲ ತುತ್ತು ಎತ್ತದ ಹೊರತು ತಾನು ತಾಟಿಗೆ ಕೂಡುವುದಿಲ್ಲ. ಬಿಡಿಬಿಡಿಯಾಗಿ ನೋಡಿದರೆ ಎರಡೂ ಸಾಧು ಸ್ವಭಾವದವೇ. ಎರಡೂ ಒಂದೇ ಸಂಜೆ ಎದುರುಬದುರಾದರೆ ನಡುವೆ ಸಿಕ್ಕಿಬೀಳುವುದು ಎಂಬತ್ತು ದಾಟಿದ ಆ ಮುದುಕಿಯ ಹೊಟ್ಟೆ. ಇಷ್ಟಾಗಿಯೂ ನಾನು ಈ ನೇಮಗಳನ್ನು ಅತಿಥಿಗಳಿಗೆ ಹೇಳಿರಲಿಲ್ಲ. ಮಟನ್ ಇಲ್ಲ, ಉಳ್ಳಾಗಡ್ಡಿ ಇಲ್ಲ, ಇನ್ನು ಆರರೊಳಗೆ ಊಟ ಮುಗಿಸಿ ಎಂದರೆ ಯಾರು ಬಂದಾರು ಎಂಬ ನಾಚಿಕೆ. ಈ ಉತ್ಕೃಷ್ಟ ನಾಚಿಕೆಗೆ ನಾನು ‘ಆತಿಥ್ಯಧರ್ಮ’ ಎಂಬ ಘನವಾದ ಹೆಸರಿಟ್ಟುಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ಪುಣೆಯ ಒಂದು ಕುಟುಂಬ ಬೆಳ್ಳಿ ಕಾಲ್ಗೆಜ್ಜೆ ಕೊಳ್ಳಲು ಹುಪರಿಗೆ ಹೋಗಿ, ಬರುವಾಗ ಇಚಲಕರಂಜಿಯ ಮಗ್ಗದ ಪಾಳಿ ಬಿಡುವ ಹೊತ್ತಿಗೆ ಸೈಕಲ್ಲು, ಮೋಟಾರ್ ಸೈಕಲ್ಲುಗಳ ನಡುವೆ ಸಿಕ್ಕು, ಕತ್ತಲಾದ ಮೇಲೆ ತೋಟ ಮುಟ್ಟಿತು. ಅವ್ವ ನಗುನಗುತ್ತ ಬಡಿಸಿ, ತಾನು ಉಪವಾಸ ಮಲಗಿದಳು. ಬೆಳಿಗ್ಗೆ ಚಕ್ಕರ್ ಬಂದು ಕಂಬ ಹಿಡಿದು ಕುಸಿದಳು. ಹೊಟ್ಟೆ ಖಾಲಿ ಬಿಟ್ಟರೆ ಈ ವಯಸ್ಸಿಗೆ ಜೀವಕ್ಕೇ ಕುತ್ತು ಬರುತ್ತದೆ ಎಂದು ಡಾಕ್ಟರು ನನ್ನನ್ನು ಗದರಿಸಿದರು. ನಾನು ಮನೆಗೆ ಬಂದವನೇ ಬೋರ್ಡು ತೆಗೆದುಹಾಕುತ್ತೇನೆ ಎಂದು ಹಾರಾಡಿದೆ. ನನ್ನ ಹೆಂಡತಿ ಸುನಂದಾ ಗಡಹಿಂಗ್ಲಜದವಳು. ಆ ಊರಿನ ಮೆಣಸಿನಕಾಯಿ ಅವಳ ಮಾತಿನಲ್ಲಿ ಇನ್ನೂ ಉಳಿದಿದೆ.

“ಬೋರ್ಡ್ ಯಾಕ ತಗೀತೀರಿ? ಬಾಯಿ ತಗೀರಿ,” ಎಂದಳು. “ಮಂದಿಗೆ ಹೇಳೂದಕ್ಕ ನಿಮಗ ಏನ್ ಧಾಡಿ ಆಗೈತಿ?”

ಬಾಯಿ ತೆಗೆಯುವ ಬದಲು ನಾನು ಪಡಸಾಲೆಯ ಗಡಿಯಾರವನ್ನು ಮುಕ್ಕಾಲು ತಾಸು ಮುಂದೆ ಮಾಡಿಟ್ಟೆ. ಈ ಕಾಲದ ಅತಿಥಿಗಳು ಗೋಡೆ ನೋಡುವುದಿಲ್ಲ, ಮೊಬೈಲು ನೋಡುತ್ತಾರೆ ಎಂಬುದು ನನ್ನ ಕೂಟನೀತಿಗೆ ಹೊಳೆದಿರಲಿಲ್ಲ. ಆ ಗಡಿಯಾರ ನಂಬಿ ಮೋಸಹೋದವನು ನಾನೊಬ್ಬನೇ. ಎರಡು ಸಲ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ.

ಹೀಗಿರುವಾಗ ಕೊಲ್ಲಾಪುರದಿಂದ ಒಬ್ಬ ವಸ್ತಾದರು ಹೆಂಡತಿಯೊಡನೆ ಬಂದರು. ಗರಡಿಯ ತಾಲೀಮಿನಲ್ಲಿ ಹುಡುಗರಿಗೆ ಕುಸ್ತಿ ಕಲಿಸಿ ನಿವೃತ್ತರಾದವರು. ಆನೆಯಂಥ ಆಳು, ಮುರಿದ ಕಿವಿ, ಮಗುವಿನಂಥ ನಗು. ಸಂಜೆ ಹೊಳೆ ನೋಡಲು ಹೊರಟ ದಂಪತಿಗಳಿಗೆ ‘ಐದೂವರೆಗೆ ಊಟಕ್ಕೆ ಬನ್ನಿ’ ಎನ್ನಬೇಕೆಂದು ಬಾಯಿ ತೆರೆದೆ. ಹಾಳು ನಾಲಿಗೆ, “ಸಾವಕಾಶ ಬರ್ರಿ” ಎಂದುಬಿಟ್ಟಿತು! ಒಳಗಿನಿಂದ ಸುನಂದಾ ಹಣೆ ಬಡಿದುಕೊಂಡ ಸದ್ದು ಕೇಳಿಸಿತು.

ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದರು. ಭಕ್ರಿ ಬುಟ್ಟಿ ತುಂಬಿತು, ಸೂರ್ಯ ತೆಂಗಿನ ತಲೆಗೆ ಬಂದ, ಅತಿಥಿಗಳ ಸುಳಿವಿಲ್ಲ. ಅವ್ವ ಹೊಸ್ತಿಲಲ್ಲಿ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು.

“ನೀ ಉಣ್ಣವಾ, ಅವ್ರು ಬರ್ತಾರ,” ಎಂದೆ.

“ಬಂದವ್ರು ಹಸದಿದ್ರ ನನಗ ತುತ್ತು ಇಳೀತೈತೇನೋ? ಇಲ್ಲಂದ್ರ ನಾಳಿ ಉಂಡೇನು, ಬಿಡು,” ಎಂದಳು, ಯಾವ ದೂರೂ ಇಲ್ಲದೆ. ಆ ‘ನಾಳೆ’ ಕೇಳಿ, ಆಕೆ ಕಂಬ ಹಿಡಿದು ಕುಸಿದ ಬೆಳಗು ನೆನಪಾಯಿತು.

ಧೋತರ ಎತ್ತಿ ಕಟ್ಟಿ ಕಬ್ಬಿನ ಬದುವಿನ ಮೇಲೆ ಓಡಿದೆ. ವಸ್ತಾದರು ನೀರಿನಲ್ಲಿ ಕಾಲು ಇಳಿಬಿಟ್ಟು, ತಮ್ಮ ಹಳೆಯ ಕುಸ್ತಿಯೊಂದನ್ನು ಹೆಂಡತಿಗೆ ಬಹುಶಃ ನೂರನೆಯ ಸಲ ಹೇಳುತ್ತಿದ್ದರು. ಎದುರಾಳಿ ಇನ್ನೂ ಬಿದ್ದಿರಲಿಲ್ಲ. ಕಥೆಯ ನಡುವೆ ಎಬ್ಬಿಸುವುದು ಸಭ್ಯತೆಯೇ ಎಂದು ನಾನು, ನಿಮ್ಮಾಣೆಗೂ, ಕೈಕಟ್ಟಿ ನಿಂತೆ! ಸೂರ್ಯ ಗರಿಗಳೊಳಗೆ ಇಳಿಯತೊಡಗಿದ. ಆಗ ಒಳಗಿನದೆಲ್ಲ ಒಮ್ಮೆಲೇ ಒಡೆದು ಬಂತು.

“ವಸ್ತಾದ, ಲಗೂ ಏಳ್ರಿ! ಹೊತ್ತು ಮುಳುಗೂದ್ರಾಗ ನೀವು ಒಂದ್ ತುತ್ತು ಉಣಲಿಲ್ಲಂದ್ರ ನಮ್ಮವ್ವ ಉಪಾಸ ಬೀಳ್ತಾಳ್ರಿ! ಆಕಿ ನೇಮ ಐತ್ರಿ!”

“ಅರೆ ದೇವಾ!” ಎಂದು ಅವರು ಜಿಗಿದೆದ್ದರು. ಕೊಲ್ಲಾಪುರಿ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡುತ್ತಲೇ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ನನ್ನ ಮರ್ಯಾದೆ ತೆಗೆದರು. “ಆಧೀ ಸಾಂಗಾಯಚ ನಾಹೀ ಕಾ? ಮೊದ್ಲ ಹೇಳ್ಬಾರದೇನ್ರಿ? ತಾಲೀಮಿನ್ಯಾಗ ಗುರು ಉಣ್ಣೂ ಮೊದ್ಲ ನಾವು ನೀರ ಸೈತ ಮುಟ್ಟಲಿಲ್ಲ. ಅದನ್ನ ಊರಿಗೆಲ್ಲ ಎದಿ ತಟ್ಟಿ ಹೇಳ್ತಿದ್ವಿ. ಇಂಥಾ ಅವ್ವನ್ನ ಇಟ್ಕೊಂಡು ನೀವು ನಾಚ್ಕೋತೀರಲ್ರಿ!”

ನಾನೂ ಅವರ ಹೆಂಡತಿಯೂ ಏದುಸಿರು ಬಿಡುತ್ತ ಹಿಂದೆಯೇ ಓಡಿದೆವು.

ಪಡಸಾಲೆಗೆ ಬಂದವರೇ ವಸ್ತಾದರು ಕೈಕಾಲು ತೊಳೆದು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿದರು. ಭಕ್ರಿ ಮುರಿದು, ಹಿಂಡಿ ಹಚ್ಚಿ, ಅವ್ವನಿಗೆ ಕಾಣುವಂತೆ ತುತ್ತನ್ನು ಎತ್ತಿ ಹಿಡಿದು ಬಾಯಿಗಿಟ್ಟರು. ಆಮೇಲೆ ತಮ್ಮ ಪಕ್ಕದ ಚಾಪೆ ತಟ್ಟಿ, “ಬಾ ಅವ್ವಾ, ಕೂಡು,” ಎಂದರು. ಅವ್ವ ಕೂತಳು. ಸುನಂದಾ ಬಡಿಸಿದಳು. ತೆಂಗಿನ ಸಾಲಿನ ಆಚೆ ಬೆಳಕು ಇನ್ನೂ ಇತ್ತು. ಅವ್ವ ಬಾಗಿ ಒಮ್ಮೆ ಆಕಾಶ ನೋಡಿ, “ಹೊತ್ತು ಇನ್ನೂ ಐತಿ. ಅರ್ಧ ಭಕ್ರಿ ಹಾಕವಾ, ಇವತ್ತ ಹಸಿವಿ ಭಾಳ ಆಗೈತಿ,” ಎಂದಳು. ನಾನು ಮಜ್ಜಿಗೆ ತರುವ ನೆವದಲ್ಲಿ ಒಳಗೆ ಹೋಗಿ ಕಣ್ಣು ಒರೆಸಿಕೊಂಡೆ.

ಈಗ ಕೋಣೆ ಕೇಳಿ ಫೋನು ಮಾಡಿದವರಿಗೆಲ್ಲ ಮೊದಲೇ ಹೇಳಿಬಿಡುತ್ತೇನೆ: ನಮ್ಮದು ಹಗಲಿನ ಊಟ, ನೀವು ಕೂತರೆ ನಮ್ಮವ್ವ ಕೂಡುತ್ತಾಳೆ. ಕೆಲವರು ನಕ್ಕು ಫೋನು ಇಡುತ್ತಾರೆ, ಇಡಲಿ. ಬಂದವರು ಮಾತ್ರ ಹೊಳೆದಂಡೆಯಿಂದ ಹೊತ್ತಿಗೆ ಮುಂಚೆಯೇ ತಾವಾಗಿ ಬಂದು ಸಾಲಾಗಿ ಕೂಡುತ್ತಾರೆ, ಆ ಪಂಕ್ತಿ ನೋಡಿದಾಗ ಈ ಜಿಲ್ಲೆಯಲ್ಲಿ ನನಗಿಂತ ದೊಡ್ಡ ಯಜಮಾನ ಇಲ್ಲ ಎನಿಸುತ್ತದೆ. ಅವ್ವ ಈಗಲೂ ಅಷ್ಟಮಿ, ಚತುರ್ದಶಿಗೆ ಒಂದು ಹೊತ್ತು ಬಿಡುತ್ತಾಳೆ, ಡಾಕ್ಟರು ಎಷ್ಟು ಬೈದರೂ ಕೇಳುವುದಿಲ್ಲ. ಅದು ಆಕೆಯ ದೇವರ ಸಲುವಾಗಿ ಮಾಡುವ ಉಪವಾಸ. ಮಗನ ಸಂಕೋಚಕ್ಕಾಗಿ ಮಾಡುತ್ತಿದ್ದ ಉಪವಾಸ ಮುಗಿದಿದೆ.