ಕಾಲರಕ್ಕ ಉಳಿಸಿದ ಹೊತ್ತು

ನಮ್ಮ ಹೊಲಿಗೆ ಶೆಡ್ಡಿನಲ್ಲಿ ಶರ್ಟಿನ ಕಾಲರ್ ಹೊಲಿಯುವವಳನ್ನು ಎಲ್ಲರೂ ಕಾಲರಕ್ಕ ಎಂದೇ ಕರೆಯುವುದು. ಪಕ್ಕದ ಮಿಷನ್ನಿನಲ್ಲಿ ಕಫ್ ಹೊಲಿಯುವವಳು ನಾನು. ಬೆಳಿಗ್ಗೆ ಎಣಿಸಿ ಕೊಟ್ಟ ಬಟ್ಟೆಯ ಕಟ್ಟು ಮುಗಿಸಿದವರು ಮನೆಗೆ ಹೋಗಬಹುದು ಎನ್ನುವುದು ಇಲ್ಲಿನ ಪದ್ಧತಿ. ನಾವೆಲ್ಲ ಹರಟೆ ಹೊಡೆಯುತ್ತ ಸಂಜೆವರೆಗೆ ಎಳೆಯುತ್ತಿದ್ದೆವು. ಅಕ್ಕ ಮಾತ್ರ ಮೂರೂವರೆಗೆಲ್ಲ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಿದ್ದಳು.

ಅವಳ ಕೈಯಲ್ಲಿ ಮಂತ್ರವೇನೂ ಇರಲಿಲ್ಲ. ಬಂದ ಕೂಡಲೇ ದಿನಕ್ಕೆ ಬೇಕಾದ ಬಾಬಿನ್‌ಗಳಿಗೆಲ್ಲ ದಾರ ಸುತ್ತಿಡುತ್ತಿದ್ದಳು. ನಾವು ಒಂದನ್ನು ಹೊಲಿದು, ದಾರ ಕತ್ತರಿಸಿ, ಮಗುಚಿ, ಮೂಲೆ ತೀಡಿ, ಆಮೇಲೆ ಇನ್ನೊಂದನ್ನು ಎತ್ತಿಕೊಳ್ಳುವವರು. ಅವಳು ದಾರ ಕತ್ತರಿಸದೆ ಒಂದರ ಹಿಂದೊಂದು ಹೊಲಿದುಕೊಂಡು ಹೋಗಿ, ಇಡೀ ಸಾಲನ್ನು ಮಡಿಲಿಗೆ ಹಾಕಿಕೊಂಡು ಒಮ್ಮೆಗೇ ಕತ್ತರಿಸಿ, ಒಮ್ಮೆಗೇ ಮಗುಚುತ್ತಿದ್ದಳು.

ಹಾಗೆ ಉಳಿಸಿದ ಹೊತ್ತು ಮಗಳಿಗೆ. ಆ ಹುಡುಗಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳ ಶಾಲೆಯಲ್ಲಿ ನಾಲ್ಕಕ್ಕೆ ಮಕ್ಕಳ ಜೊತೆ ಮನೆಯವರನ್ನೂ ಕೂರಿಸಿ ಸನ್ನೆಭಾಷೆ ಕಲಿಸುತ್ತಾರೆ. ಕಲಿತದ್ದನ್ನು ಅಕ್ಕ ಮರುದಿನ ನನ್ನೆದುರು ಮಾಡಿ ತೋರಿಸುತ್ತಿದ್ದಳು. ನಾನು ತಲೆಬುಡ ತಿಳಿಯದೆ ನಗುತ್ತಿದ್ದೆ.

ಗಂಡನ ತಂಗಿಗೆ ಇಲ್ಲಿ ಕೆಲಸ ಕೊಡಿಸಿದ್ದೂ ಅಕ್ಕನೇ. ಕಟ್ಟು ಮುಗಿಯದೆ ನಾದಿನಿ ಅಳುಮೋರೆ ಹಾಕಿದಾಗ, ಪಕ್ಕದಲ್ಲಿ ಕೂರಿಸಿಕೊಂಡು ತನ್ನ ರೀತಿಯನ್ನೆಲ್ಲ ಹೇಳಿಕೊಟ್ಟಳು. ನಾದಿನಿ ಕಲಿತಳು, ಕಲಿತದ್ದನ್ನು ನೆಟ್ಟಗೆ ಯಜಮಾನರ ಕಿವಿಗೆ ಹಾಕಿದಳು. ಹೀಗೆ ಹೊಲಿದರೆ ಯಾರು ಬೇಕಾದರೂ ಒಂದೂವರೆ ಕಟ್ಟು ಮುಗಿಸಬಹುದು, ನಮ್ಮ ಅತ್ತಿಗೆಯನ್ನೇ ನೋಡಿ ಎಂದಳಂತೆ. ಮರುವಾರದಿಂದ ಎಲ್ಲರಿಗೂ ಒಂದೂವರೆ ಕಟ್ಟು; ಅಕ್ಕನಿಗೂ ಮುಗಿಸುವಾಗ ಸಂಜೆ. ನಾದಿನಿ ಸೂಪರ್‌ವೈಸರ್ ಆದಳು. ಬೇಗ ಬಂದು ಕಟ್ಟು ಹಂಚುವುದು, ಮೂರಕ್ಕೆಲ್ಲ ಮನೆಗೆ ಹೋಗುವುದು ಅವಳ ಕೆಲಸ.

ನನಗಂತೂ ಪಿತ್ತ ನೆತ್ತಿಗೇರಿತು. ಅಕ್ಕ, ನಾದಿನಿ ಕಟ್ಟು ಹಂಚುತ್ತ ತನ್ನ ಮಿಷನ್ನಿನ ಹತ್ತಿರ ಬರುವ ತನಕ ಕಾದು ಅವಳನ್ನು ಕೇಳಿದಳು.

“ಆ ಹೊತ್ತು ಯಾತಕ್ಕೆ ಅಂತ ನಿಂಗೆ ಗೊತ್ತಿತ್ತಲ್ಲ.”

“ಗೊತ್ತಿತ್ತು ಅತ್ತಿಗೆ. ಅದಕ್ಕೇನೀಗ, ಕ್ಲಾಸಿಗೆ ನಾನೇ ಕರ್ಕೊಂಡು ಹೋಗ್ತೀನಿ. ಅವಳು ನನಗೂ ಮಗಳಲ್ವಾ?”

ಬೆನ್ನಿಗೆ ಚೂರಿ ಹಾಕಿದವಳೇ ಮುಲಾಮು ಹಿಡಿದು ನಿಂತರೆ ಏನನ್ನಬೇಕು? ಮಗುವಿನ ಪಾಠ ತಪ್ಪಬಾರದೆಂದು ಅಕ್ಕ ಎಲ್ಲ ಹೊಟ್ಟೆಗೆ ಹಾಕಿಕೊಂಡು ಹೂಂ ಎಂದಳು. ಆವತ್ತು ಅವಳು ಹೊಲಿದ ಕಾಲರುಗಳ ಮೂಲೆಗಳೆಲ್ಲ ಸೊಟ್ಟಗಾಗಿದ್ದವು.

ಕೆಲವು ತಿಂಗಳ ಮೇಲೆ, ರಜೆಯ ದಿನ, ಅವಳ ಮನೆಗೆ ಹೋಗಿದ್ದೆ. ಮಂಚದ ಮೇಲೆ ಮಗಳೂ ನಾದಿನಿಯೂ ಎದುರುಬದುರು ಕೂತು ಕೈಯಲ್ಲೇ ಪಟಪಟ ಮಾತಾಡಿ ಬಿದ್ದು ಬಿದ್ದು ನಗುತ್ತಿದ್ದರು. ಏನಂತೆ ಎಂದು ಅಕ್ಕ ಕೇಳಿದಳು.

“ಏನಿಲ್ಲ ಬಿಡಿ ಅತ್ತಿಗೆ, ಹೇಳಿದ್ರೆ ನಿಮಗೆ ಗೊತ್ತಾಗಲ್ಲ.”

ಅಕ್ಕ ಮಗಳ ಮುಂದೆ ಹೋಗಿ ಕೂತು, ನೆನಪಿದ್ದಷ್ಟನ್ನು ಕೂಡಿಸಿಕೊಂಡು ನಿಧಾನವಾಗಿ ಕೈಯಾಡಿಸಿದಳು. ಹುಡುಗಿ ತಾಳ್ಮೆಯಿಂದ ನೋಡಿದಳು. ಆಮೇಲೆ, ಆ ಭಾಷೆ ಬಾರದ ನನ್ನಂಥವರಿಗೆ ಮಾಡುವ ಹಾಗೆ, ಐದೂ ಬೆರಳು ಜೋಡಿಸಿ ಬಾಯಿಯ ಹತ್ತಿರ ತಂದು, ಊಟ ಆಯಿತಾ ಎಂದು ತಾಯಿಯನ್ನು ಕೇಳಿದಳು.