ಚನ್ನಾಜಮ್ಮನ ತೊಟ್ಟಿಲ ಕಾವಲು

ನಂಜನಗೂಡಿನ ಚನ್ನಾಜಮ್ಮ ತೊಟ್ಟಿಲ ಮುಂದೆ ಕಾಲು ಚಾಚಿ ಕೂತರೆ ಮಹಾರಾಜರ ಕುದುರೆ ದಳವೂ ಬಳಸಿಕೊಂಡು ಹೋಗಬೇಕೆಂದು ಕೇರಿಯೆಲ್ಲ ನಂಬಿತ್ತು. ಮೊಮ್ಮಗಳ ಕೆನ್ನೆಯಲ್ಲಿ ಕೆಂಪು ಗುಳ್ಳೆ ಎದ್ದಾಗ ಆಕೆ ಹಾಗೆಯೇ ಕೂತಳು. ಮದ್ದು ತಂದವರಿಗೆಲ್ಲ ಒಂದೇ ಕಟ್ಟಳೆ: ಮೊದಲು ತಮ್ಮ ಕೆನ್ನೆಗೆ ಹಚ್ಚಿಕೊಳ್ಳಬೇಕು. ಹಲವರು ಹೊಸಿಲಿನಿಂದಲೇ ಹಿಂದಿರುಗಿದರು.

ನರಸೀಪುರದಿಂದ ಬೀಗಿತ್ತಿ ಸಿದ್ದಮ್ಮ ಕಾಡುಗೇರಿನ ಎಣ್ಣೆ ತಂದಳು.

"ನಮ್ಮೂರಲ್ಲಿ ಎಲ್ಲಾ ಕೂಸ್ಗೂ ಇದೇಯ ಕಣ್ರವ್ವ!"

"ಅಂಗಾದ್ರೆ ಮೊದ್ಲು ನೀವೇ ಅಚ್ಕಳಿ ಬೀಗ್ರೇ."

ಸಿದ್ದಮ್ಮ ಜಂಬದಿಂದಲೇ ಹಚ್ಚಿಕೊಂಡಳು. ಮಾರನೆಯ ದಿನ ಆ ಕೆನ್ನೆ ಉದ್ದಿನ ವಡೆಯಂತೆ ಊದಿತ್ತು.

ಸಿದ್ದಮ್ಮನ ಬಾವು ಇಳಿಯುವ ಮೊದಲೇ ಕೂಸಿನ ಮುಖ ತಿಳಿಯಾಯಿತು.

"ಅದ್ಯಾವ ಮದ್ದು ಬಚ್ಚಿಟ್ಟಿದ್ರಿ, ಏಳಿ?" ಸಿದ್ದಮ್ಮ ಕೇಳಿದಳು.

"ಮದ್ದೆಲ್ಲಿ ಬಂತು? ಕಾಯ್ಸಿ ಆರ್ಸಿದ ನೀರಲ್ಲಿ ಒರೆಸ್ದೆ, ಕೆರ್ಕಳ್ದಂಗೆ ಉಗುರು ಕತ್ತರಿಸ್ದೆ, ಅಷ್ಟೇಯ."