ಬೆಂಡೆಕ್ಕ ಹರಾಜಿಗೆ ನಿಂತದ್ದು

ತರಕಾರಿ ಮಾರುಕಟ್ಟೆಯಲ್ಲಿ ಅವಳನ್ನು ಎಲ್ಲರೂ ಬೆಂಡೆಕ್ಕ ಎಂದೇ ಕರೆಯುತ್ತಿದ್ದರು. ಹನ್ನೆರಡು ವರ್ಷಗಳಿಂದ ಅವಳು ಬೆಂಡೆಕಾಯಿ ಬಿಟ್ಟು ಬೇರೇನನ್ನೂ ಬೆಳೆದವಳಲ್ಲ. ಬೆಳಕು ಹರಿಯುವ ಹೊತ್ತಿಗೆ ಕೈಗೆ ಹಳೇ ಕಾಲುಚೀಲ ತೊಟ್ಟು, ಕಾಯಿಯ ಮೇಲಿನ ಮುಳ್ಳಿನಂಥ ಸುಂಕು ಚುಚ್ಚದಂತೆ ಕೊಯ್ದು, ಎರಡು ಬುಟ್ಟಿ ತುಂಬಿಸಿ ಮೊದಲ ಬಸ್ಸು ಹತ್ತುತ್ತಿದ್ದಳು. ಆದರೆ ಹರಾಜನ್ನು ಮಾತ್ರ ಒಂದು ದಿನವೂ ಕಣ್ಣಾರೆ ಕಂಡಿರಲಿಲ್ಲ.

ಹರಾಜು ಶುರುವಾಗುತ್ತಿದ್ದದ್ದು ಹತ್ತು ಗಂಟೆಗೆ. ಅಲ್ಲಿಯವರೆಗೆ ಕಾಯೋಣವೆಂದರೆ ಇಡೀ ಅಂಗಳದಲ್ಲಿ ಹೆಂಗಸರಿಗೊಂದು ಶೌಚಾಲಯವಿರಲಿಲ್ಲ. ಗಂಡಸರಿಗೆ ಹಿಂದಿನ ಗೋಡೆಯಿತ್ತು. ಹಾಗಾಗಿ ಹೆಂಗಸರೆಲ್ಲ ಗೇಟಿನಲ್ಲಿ ನಿಂತಿರುತ್ತಿದ್ದ ದಲ್ಲಾಳಿಗೆ ಬುಟ್ಟಿ ಒಪ್ಪಿಸಿ, ಅವನು ಹೇಳಿದ ರೇಟಿಗೆ ತಲೆಯಾಡಿಸಿ, ಬಂದ ದಾರಿ ಹಿಡಿಯುತ್ತಿದ್ದರು. ಬೆಂಡೆಕ್ಕ ಮನೆ ಬಿಟ್ಟ ಮೇಲೆ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಅವಳಿಗೆ ಉರಿಮೂತ್ರ ಹತ್ತಿಕೊಂಡಿತು, ಅದರ ಹಿಂದೆಯೇ ಜ್ವರ. ಡಾಕ್ಟರಮ್ಮ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ದಿನಕ್ಕೆ ಮೂರು ಲೀಟರ್ ನೀರು ಎಂದು ಬರೆದು ಗೆರೆ ಎಳೆದರು. ಗುಣವಾದ ಮೇಲೆ ಬೆಂಡೆಕ್ಕ ಆ ಚೀಟಿ ಹಿಡಿದು ನೇರ ಮಾರುಕಟ್ಟೆಯ ಕಾರ್ಯದರ್ಶಿಯ ಕೋಣೆಗೆ ಹೋದಳು. ಪಕ್ಕದ ಬೀಗ ಹಾಕಿದ ಬಾಗಿಲಿನ ಹಿಂದೆ ಶೌಚಾಲಯವಿದೆಯೆಂದು ಕಸ ಗುಡಿಸುವಾಕೆ ಅವಳಿಗೆ ಹೇಳಿದ್ದಳು.

ಬೀಗದ ಕೈ ಕೇಳಿದಾಗ, ಅದು ಸಿಬ್ಬಂದಿಗೆ ಮಾತ್ರ ಎಂದರು ಕಾರ್ಯದರ್ಶಿ. ಅವಳು ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಸಾರ್, ಇದನ್ನ ಓದಿ. ಡಾಕ್ಟರಮ್ಮ ಕುಡಿ ಅಂತಾರೆ, ನೀವು ಬೀಗ ಹಾಕ್ಕೊಂಡು ಕೂತಿದ್ದೀರಿ. ನಾನು ಯಾರ ಮಾತು ಕೇಳಲಿ?"

ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಬೀಗದ ಕೈಯನ್ನು ಅವಳತ್ತ ತಳ್ಳಿ, "ನಿಮಗೊಬ್ರಿಗೆ ಮಾತ್ರ ಕಣಮ್ಮ" ಎಂದರು.

ಆ ಕೊನೆಯ ಮಾತು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಮರುದಿನ ಅವಳ ಹಿಂದೆ ಸೊಪ್ಪಿನವಳು ಬಂದಳು, ಅದರ ಮರುದಿನ ಏಳು ಜನ. ವಾರ ಕಳೆಯುವಷ್ಟರಲ್ಲಿ ಬೀಗದ ಕೈ ಕೊಟ್ಟು ಈಸಿಕೊಳ್ಳುವುದರಲ್ಲೇ ಕಚೇರಿಯ ಗುಮಾಸ್ತನಿಗೆ ಸಾಕುಸಾಕಾಗಿ, ಬೀಗವನ್ನೇ ತೆಗೆದು ಮೇಜಿನ ಖಾನೆಗೆ ಹಾಕಿಬಿಟ್ಟ. ತೊಳೆಯುವ ಪಾಳಿಯನ್ನು ಹೆಂಗಸರೇ ಹಂಚಿಕೊಂಡರು.

ಬೆಂಡೆಕ್ಕ ಮೊದಲ ಸಲ ಹರಾಜಿಗೆ ನಿಂತಳು. ಒಬ್ಬ ವ್ಯಾಪಾರಿ ಅವಳ ಬುಟ್ಟಿ ನೋಡಿ, ನಿನ್ನೆಯ ಮಾಲು ಎಂದು ಮೂಗು ಮುರಿದ.

"ಇವತ್ತು ಬೆಳಿಗ್ಗೆ ಕೊಯ್ದಿದ್ದು. ತುದಿ ಮುರಿದು ನೋಡಿ" ಎಂದಳು ಅವಳು.

ಕಾಯಿ ಪಟ್ಟೆಂದು ಮುರಿಯಿತು. ವ್ಯಾಪಾರಿ ರೇಟು ಕೂಗಿದ. ಪಕ್ಕದಲ್ಲಿದ್ದವನೂ ಕೂಗಲು ಶುರುಮಾಡಿದ, ಮೂರನೆಯವನೂ ಸೇರಿದ. ಅಂದು ಅವಳ ಕಾಯಿ ಗೇಟಿನ ರೇಟಿಗಿಂತ ಮೇಲಕ್ಕೇ ಹೋಯಿತು. ಹೊರಗೆ ದಲ್ಲಾಳಿ, ತನ್ನ ಮೇಲೇನಾದರೂ ಸಿಟ್ಟೇ ಎಂದು ಕೇಳಿದ. ಸಿಟ್ಟೇನಿಲ್ಲ, ಬಸ್ಸಿಗೆ ಹೊತ್ತಾಯಿತು ಎಂದು ಅವಳು ಮುಂದೆ ನಡೆದಳು.

ಮನೆ ಸೇರಿದಾಗ ಊಟದ ಹೊತ್ತು ಮೀರಿತ್ತು. ಗಂಡ ಖಾಲಿ ಹೊಟ್ಟೆಯಲ್ಲಿ ಬಾಗಿಲಲ್ಲೇ ಕೂತಿದ್ದ. ಇನ್ನು ದಿನಾ ಇಷ್ಟು ಹೊತ್ತಾಗುತ್ತದೆಯೇ ಎಂದು ಕೇಳಿದ.

"ಆಗತ್ತೆ. ಮಧ್ಯಾಹ್ನದ ಅಡಿಗೆ ನೀವೇ ಮಾಡ್ಬೇಕು" ಎಂದಳು.

ಅವನು ಅಕ್ಕಿ ಎಷ್ಟು ಹಾಕಬೇಕೆಂದು ಕೇಳಿದ. ಮೊದಲ ವಾರವೆಲ್ಲ ಅನ್ನ ತಳ ಹಿಡಿಯಿತು. ಅವಳು ಅದನ್ನೇ ಬಡಿಸಿಕೊಂಡು ಉಂಡಳು.